ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಒಂದು ವೈರು

ಬಾಯಿ ತೆರೆದ ವಸ್ತು ಕಂಡರೆ ನನಗೆ ಆಗುವುದಿಲ್ಲ. ಕೊಡವಿದ್ದರೆ ಮೇಲೊಂದು ತಟ್ಟೆ ಇರಬೇಕು, ಡಬ್ಬಿಯಿದ್ದರೆ ಮುಚ್ಚಳ ಇರಬೇಕು, ಚೀಲವಿದ್ದರೆ ಬಾಯಿ ಕಟ್ಟಿರಬೇಕು. ಕಂಪ್ಲಿಯ ನನ್ನ ತವರಿನಲ್ಲಿ ಅಕ್ಕಿ ಗಿರಣಿಯಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಚೀಲವೂ ಬಾಯಿ ಬಿಟ್ಟುಕೊಂಡು ನಿಂತಿರಬಾರದು ಎಂಬುದು ಅಪ್ಪನ ಕಟ್ಟಪ್ಪಣೆ. ಅರ್ಧ ತುಂಬಿದ ಚೀಲಕ್ಕೂ ದಬ್ಬಣದಿಂದ ನಾಲ್ಕು ಹೊಲಿಗೆ ಹಾಕಿಯೇ ಹಮಾಲರು ಮನೆಗೆ ಹೋಗುತ್ತಿದ್ದರು. ಮನೆಯೊಳಗೆ ಅವ್ವನದೂ ಅದೇ ಕಾಯಿದೆ. ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ಅವ್ವ, ಇಲಿ ಬರುತ್ತದೆ ಎಂದು ಅಪ್ಪ ಕಾರಣ ಹೇಳುತ್ತಿದ್ದರು. ಕಾರಣ ಯಾವುದಾದರೇನು, ಕೈಗೆ ರೂಢಿ ಅಂಟಿಕೊಂಡಿತು. ಮದುವೆಯಾಗಿ ಹೊಸಪೇಟೆಗೆ ಬಂದು ಇಪ್ಪತ್ತೆಂಟು ವರ್ಷವಾದರೂ ಬಿಟ್ಟಿಲ್ಲ. ನಾನು ಮಾಡಿದ ತಪ್ಪಿನ ಅರ್ಧ ಭಾಗಕ್ಕೆ ಈ ರೂಢಿ ಕಾರಣ, ಅದಕ್ಕೇ ಇದನ್ನು ಮೊದಲೇ ಹೇಳಿಬಿಟ್ಟೆ. ಉಳಿದ ಅರ್ಧಕ್ಕೆ ನಾನೇ ಕಾರಣ.

ನಮ್ಮದು ಕಲ್ಲಿನ ಗೋಡೆಯ ಹಳೆಯ ಮನೆ. ಕೆಳಗೆ ಅತ್ತೆ, ನಾನು ಮತ್ತು ನನ್ನ ಗಂಡ. ಮೇಲಿನ ಎರಡು ಕೋಣೆಗಳಲ್ಲಿ ಮೈದುನ ಮತ್ತು ಅವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ. ಗಂಡನದು ಪಂಪ್‌ಸೆಟ್ ರಿಪೇರಿಯ ಅಂಗಡಿ. ಮೈದುನ ಯಶವಂತನಗರದ ಕಡೆ ಗಣಿಯೊಂದರಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಆರಕ್ಕೆ ಕಂಪನಿ ಬಸ್ಸು ಹತ್ತಿದರೆ ಸಂಜೆ ಹುಬ್ಬಿನ ತನಕ ಕೆಂಪು ಧೂಳು ಮೆತ್ತಿಕೊಂಡು ಇಳಿಯುತ್ತಾನೆ. ಮಹಡಿ ಎರಡಾದರೂ ಒಲೆ ಒಂದೇ. ಆ ಒಲೆಯ ಯಜಮಾನಿಕೆ ನನ್ನದು ಎಂದು ನಾನೂ ತಿಳಿದಿದ್ದೆ, ಉಳಿದವರೂ ಒಪ್ಪಿದ್ದರು.

ನೆಗೆಣ್ಣಿ ಸಂಡೂರಿನವಳು. ಅವಳ ಅಪ್ಪ ಲಾರಿ ಮೆಕ್ಯಾನಿಕ್. ಗಣಿ ಕಾಲೊನಿಯಲ್ಲಿ ಹತ್ತು ಕಡೆಯ ಜನರ ನಡುವೆ ಬೆಳೆದದ್ದರಿಂದ ಕನ್ನಡ, ತೆಲುಗು, ಹಿಂದಿ ಮೂರನ್ನೂ ಒಂದೇ ಉಸಿರಿನಲ್ಲಿ ಮಾತಾಡಬಲ್ಲವಳು. ಬಿ.ಕಾಂ. ಮುಗಿಸಿ, ಮದುವೆಗೆ ಮೊದಲು ಎರಡು ವರ್ಷ ಅದಿರು ಲಾರಿಗಳನ್ನು ತೂಗುವ ಕಡೆ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡಿದ್ದಳು. ಮದುವೆಯಾದ ಮೇಲೆ ಆರು ವರ್ಷ ಅವಳು ಮಾಡಿದ್ದು ನನ್ನ ಪಕ್ಕದಲ್ಲಿ ಕೂತು ರೊಟ್ಟಿ ಬಡಿಯುವುದು. ಮಸ್ತಾಗಿ ಬಡಿಯುತ್ತಾಳೆ, ಅದರಲ್ಲಿ ಮಾತಿಲ್ಲ. ಆದರೆ ಅವಳು ಮೇಲೆ ಹೋಗಿ ಫೋನಿನಲ್ಲಿ ಕೆಲಸ ಹುಡುಕುತ್ತಾಳೆ ಎಂಬುದು ನನಗೆ ಗೊತ್ತಿತ್ತು.

ಕಡೆಗೆ ಒಂದು ಸಿಕ್ಕಿತು. ದೂರದ ಊರಿನ ಆಸ್ಪತ್ರೆಗೆ ಫೋನ್ ಮಾಡುವವರ ಜೊತೆ ಮಾತಾಡಿ, ಯಾವ ಡಾಕ್ಟರು ಯಾವಾಗ ಸಿಗುತ್ತಾರೆ ಎಂದು ಸಮಯ ಗೊತ್ತು ಮಾಡಿಕೊಡುವ ಕೆಲಸ. ಮನೆಯಲ್ಲೇ ಕೂತು ಮಾಡಬಹುದು. ಮೂರು ಭಾಷೆ ಬಲ್ಲವರು ಬೇಕಾಗಿದ್ದರಂತೆ. ಮೊದಲು ಹತ್ತು ದಿನ ಪರೀಕ್ಷೆಗೆ ಇಟ್ಟುಕೊಂಡು ನೋಡುತ್ತಾರೆ, ಪಾಸಾದರೆ ಖಾಯಂ. ಒಂದೇ ಕಟ್ಟುನಿಟ್ಟು: ಕಂಪ್ಯೂಟರಿಗೆ ಇಂಟರ್ನೆಟ್ ವೈರಿನಿಂದಲೇ ಬರಬೇಕು, ವೈಫೈ ನಡೆಯುವುದಿಲ್ಲ. ಮಾತಿನ ನಡುವೆ ಸದ್ದು ಕಡಿದರೆ ರೋಗಿಗಳಿಗೆ ತೊಂದರೆ ಎಂದು ಅವರ ನಿಯಮ. ಲೈನು ಸರಿಯಿದೆಯೋ ಇಲ್ಲವೋ ಎಂಬುದನ್ನು ಅವರದೇ ಸಾಫ್ಟ್‌ವೇರು ಕ್ಷಣಕ್ಷಣಕ್ಕೂ ನೋಡುತ್ತಿರುತ್ತದೆ.

ಮೈದುನ ಖುಷಿಯಿಂದಲೇ ಮೆಶ್ ರೂಟರ್ ತಂದ. ಬಿಳಿ ಬಣ್ಣದ ಮೂರು ಡಬ್ಬಿ. ದೊಡ್ಡದು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ, ಕೇಬಲ್‌ನವರ ಕರಿ ಡಬ್ಬಿಯ ಪಕ್ಕ. ಚಿಕ್ಕವು ಎರಡರಲ್ಲಿ ಒಂದು ಮೇಲೆ, ಇನ್ನೊಂದು ಅತ್ತೆಯ ಕೋಣೆಯಲ್ಲಿ. ಚಿಕ್ಕವು ದೊಡ್ಡದರಿಂದ ಗಾಳಿಯಲ್ಲೇ ಇಂಟರ್ನೆಟ್ ಎಳೆದುಕೊಂಡು ಮನೆಯ ಫೋನುಗಳಿಗೆಲ್ಲ ಹಂಚುತ್ತವೆ. ದೊಡ್ಡ ಡಬ್ಬಿಯ ಬೆನ್ನಿಗೆ ನಾಲ್ಕು ತೂತು. ಒಂದಕ್ಕೆ ಕೇಬಲ್‌ನವರ ವೈರು ಬರುತ್ತದೆ. ಎರಡನೆಯದರಿಂದ ಒಂದು ವೈರು ಮೆಟ್ಟಿಲ ಗೋಡೆಗುಂಟ ಹತ್ತಿ ನೆಗೆಣ್ಣಿಯ ಕಂಪ್ಯೂಟರಿಗೆ ಹೋಗುತ್ತದೆ. ಮೂರನೆಯದರಲ್ಲಿ ಒಂದು ಗಿಡ್ಡ ವೈರು, ನನ್ನ ಗಂಡ ಯಾವಾಗಲಾದರೂ ಲ್ಯಾಪ್‌ಟಾಪ್ ತಂದರೆ ಸಿಕ್ಕಿಸಿಕೊಳ್ಳಲು. ಅದರ ಇನ್ನೊಂದು ತುದಿ ಸುಮ್ಮನೆ ನೇತಾಡುತ್ತಿತ್ತು. ನಾಲ್ಕನೆಯ ತೂತು ಖಾಲಿ.

ಅವಳು ಕೆಲಸಕ್ಕೆ ಕೂತದ್ದು ಮಾನವಮಿ ಹಬ್ಬಕ್ಕೆ ಮೊದಲಿನ ಸೋಮವಾರ. ಕಿವಿಗೆ ಹೆಡ್‌ಫೋನು, ತಲೆ ಬಾಚಿ ಒಳ್ಳೆ ಸೀರೆ, ಮನೆಯಲ್ಲೇ ಇದ್ದರೂ. ಒಂಬತ್ತಕ್ಕೆ ಬಾಗಿಲು ಮುಂದೆ ಮಾಡಿಕೊಂಡರೆ ಐದಕ್ಕೇ ಇಳಿಯುವುದು. ನಾನು ಎಲ್ಲರೆದುರು ಚಲೋ ಆಯಿತು ಎಂದೆ. ಒಳಗೊಳಗೆ ಮುನಿಸಿತ್ತು. ಹಬ್ಬದ ಕೆಲಸ ರಾಶಿ ಬಿದ್ದಿದೆ, ರೊಟ್ಟಿ ಬಡಿಯಲು ನಾನೊಬ್ಬಳೇ, ಇವಳು ಮೇಲೆ ಕೂತು ಯಾರಿಗೋ ನಮಸ್ಕಾರ ನಮಸ್ಕಾರ ಎನ್ನುತ್ತಿದ್ದಾಳೆ ಎಂದು ಹಿಟ್ಟು ನಾದುವಾಗ ಹಲ್ಲು ಕಡಿದದ್ದೂ ಉಂಟು. ಇದನ್ನೂ ಬರೆಯಬೇಕು, ಇಲ್ಲದಿದ್ದರೆ ಉಳಿದದ್ದೆಲ್ಲ ಅರ್ಧ ಸುಳ್ಳಾಗುತ್ತದೆ.

ಗುರುವಾರ ಮನೆ ತೊಳೆಯುವ ದಿನ. ನಮ್ಮ ಕಡೆ ಮಾನವಮಿಗೆ ಮನೆಯ ಒಂದು ಚಿಂದಿಯನ್ನೂ ಬಿಡುವುದಿಲ್ಲ. ಬೆಳಿಗ್ಗೆ ಕೌದಿಗಳನ್ನೆಲ್ಲ ಕಾಲುವೆಗೆ ಹೊತ್ತು, ಕಲ್ಲಿಗೆ ಬಡಿದು, ಮಹಡಿಯ ಗೋಡೆ ಮೇಲೆ ಒಣಹಾಕಿದೆ. ಮಧ್ಯಾಹ್ನ ಕಪಾಟುಗಳ ಸರದಿ. ಮೆಟ್ಟಿಲ ಕೆಳಗಿನ ಕಪಾಟು ತೆರೆದರೆ ಒಳಗೆ ವೈರುಗಳು ಒಂದರ ಮೇಲೊಂದು ಹೊರಳಿಕೊಂಡು ಬಿದ್ದಿದ್ದವು. ಯಾವುದನ್ನೂ ಕೀಳದೆ ಧೂಳು ಒರೆಸಿದೆ. ವೈರುಗಳನ್ನೆಲ್ಲ ಒಟ್ಟು ಮಾಡಿ, ಮಲ್ಲಿಗೆ ದಂಡೆ ಕಟ್ಟುವ ಹಾಗೆ ಬಿಳಿ ದಾರ ಸುತ್ತಿ ಬಿಗಿಯಾಗಿ ಕಟ್ಟಿದೆ. ಕೊನೆಗೆ ಆ ಗಿಡ್ಡ ವೈರಿನ ಒಂಟಿ ತುದಿ ಕೈಗೆ ಬಂತು. ಪಕ್ಕದಲ್ಲೇ ನಾಲ್ಕನೆಯ ತೂತು ಬಾಯಿ ಬಿಟ್ಟುಕೊಂಡಿತ್ತು. ಎರಡನೇ ಯೋಚನೆಯಿಲ್ಲದೆ ತುದಿಯನ್ನು ಆ ತೂತಿಗೆ ಒತ್ತಿದೆ. ಟಿಕ್ ಎಂದು ಕೂತಿತು. ಅತ್ತೆ ಬಂದು ನೋಡಿ ಮೆಚ್ಚಿಕೊಂಡರು.

“ವೈರು ಸೈತ ಜಡಿ ಹಾಕಿದಂಗ ಕಟ್ಯಾಳ ನೋಡು ನನ್ನ ಸೊಸಿ,” ಎಂದರು. ಬಿಳಿ ಡಬ್ಬಿಯ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು ಕೈಮುಗಿದರು. ನಾನು ಕಪಾಟು ಮುಚ್ಚಿದೆ.

ಹತ್ತು ನಿಮಿಷಕ್ಕೆ ನೆಗೆಣ್ಣಿ ಮೆಟ್ಟಿಲ ಮೇಲೆ ಬಂದು ನಿಂತಳು. “ಅಕ್ಕಾ, ನೆಟ್ ಹೋತು. ನಿಮ್ ಫೋನ್ಯಾಗ ಬರ್ತೈತೇನ್ರಿ?” ನನ್ನ ಫೋನಿನಲ್ಲಿ ಬರುತ್ತಿತ್ತು. ಅತ್ತೆಯ ಫೋನಿನಲ್ಲಿ ಧಾರಾವಾಹಿ ನಡೆದೇ ಇತ್ತು. “ನಮಗೆಲ್ಲಾ ಬರ್ತೈತಲ್ಲಬೇ, ನಿನಗ್ಯಾಕ ಬರಂಗಿಲ್ಲ?” ಎಂದರು ಅತ್ತೆ. ಅಲ್ಲಿಂದಲೇ ಅನುಮಾನ ಅವಳ ಕಡೆ ವಾಲಿತು. ಹೋಗಿದ್ದದ್ದು ವೈರಿನದು ಮಾತ್ರ, ವೈಫೈ ಚೆನ್ನಾಗಿಯೇ ಇತ್ತು. ಮನೆಯಲ್ಲಿ ವೈರು ಬಳಸುವವಳು ಅವಳೊಬ್ಬಳೇ. ಡಬ್ಬಿ ಆಫ್ ಮಾಡಿ ಆನ್ ಮಾಡಿದರೆ ಎರಡು ನಿಮಿಷ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು.

ಸಂಜೆ ಮೈದುನ ಬಸ್ಸಿಳಿದು ಬಂದವನೇ ಧೂಳಿನ ಬಟ್ಟೆಯಲ್ಲೇ ಕಪಾಟಿನ ಮುಂದೆ ಕೂತ.

“ಅತ್ತಿಗೀ, ಇದನ್ನ ಮುಟ್ಟಿದ್ರೇನ್ರಿ?”

“ಧೂಳಾ ಒರೆಸೀನಿ. ಒಂದು ವೈರೂ ಕಿತ್ತಿಲ್ಲ. ಎಲ್ಲೆಲ್ಲಿದ್ವೋ ಅಲ್ಲೇ ಅದಾವು, ನೋಡ್ಕೋ.”

ಅದು ನಿಜವೂ ಆಗಿತ್ತು, ಕಿತ್ತಿರಲಿಲ್ಲ. ಅವನು ದಾರದ ಗಂಟು ಬಿಚ್ಚಲು ಕೈಹಾಕಿದ. ನನಗೆ ಎಲ್ಲಿತ್ತೋ ಸಿಟ್ಟು. ಬೆಳಗಿನಿಂದ ಬೆನ್ನು ಮುರಿಯುವ ಹಾಗೆ ದುಡಿದದ್ದು, ಒಬ್ಬರೂ ಒಂದು ಲೋಟ ಚಹಾ ಕೊಡದದ್ದು, ಎಲ್ಲವೂ ಆ ಗಂಟಿನಲ್ಲಿ ಕೂತಿತ್ತು. “ಎರಡು ತಾಸು ಕುಂತು ಕಟ್ಟೀನಿ, ಅದನ್ನ ಬಿಚ್ಚಬ್ಯಾಡ. ಕೆಳಗ ಏನೂ ಆಗಿಲ್ಲ. ಮ್ಯಾಲ ನಿನ್ ಹೆಂಡ್ತಿ ಕಸ ಹೊಡೀವಾಗ ಮೇಜು ಎಳೆದಾಡ್ಯಾಳ, ಅಲ್ಲಿ ನೋಡು!” ಎಂದು ಕೂಗಿದೆ. ಅವಳು ಮೇಜು ಎಳೆದದ್ದನ್ನು ನಾನು ಕಂಡಿರಲಿಲ್ಲ. ಬಾಯಿಗೆ ಬಂತು, ಅಂದೆ. ಹಿರಿಯ ಅತ್ತಿಗೆಯ ಎದುರು ಮಾತಾಡುವ ರೂಢಿ ಅವನಿಗಿಲ್ಲ. ಗಂಟು ಬಿಟ್ಟು ಮೇಲೆ ಹೋದ.

ಮೇಲೆ ವೈರಿನ ತುದಿ ಕಿತ್ತು ಹಾಕಿದ, ಬೇರೆ ವೈರು ತಂದು ಎಳೆದ, ಅದೂ ಆಗಲಿಲ್ಲ. ಮೇಲಿನ ಚಿಕ್ಕ ಡಬ್ಬಿಯಿಂದಲೇ ಕಂಪ್ಯೂಟರಿಗೆ ವೈರು ಕೊಟ್ಟು ನೋಡಿದ. ಕಲ್ಲಿನ ಗೋಡೆ ದಾಟಿ ಬರುವ ಹೊತ್ತಿಗೆ ವೇಗ ಸಾಲದೆ ಕಂಪನಿಯ ಸಾಫ್ಟ್‌ವೇರು ಕೆಂಪು ಗುರುತು ತೋರಿಸಿತು. “ನೀ ಮೇಜು ಯಾಕ ಎಳೀಬೇಕಿತ್ತು?” ಎಂದು ಅವನು ಕೇಳಿದ್ದು, “ನಾ ಎಳದಿಲ್ರಿ,” ಎಂದು ಅವಳು ಹೇಳಿದ್ದು ಕೆಳಗೆ ಕೇಳಿಸಿತು. ನಾನು ಚಪಾತಿ ಲಟ್ಟಿಸುತ್ತಿದ್ದೆ, ಲಟ್ಟಿಸುತ್ತಲೇ ಇದ್ದೆ.

ಶುಕ್ರವಾರ ಕೇಬಲ್‌ನವನು ಬಂದ. ನಮ್ಮ ಓಣಿಯವನೇ, ಟೀವಿಗೆ ಬುಟ್ಟಿ ಆಂಟೆನಾ ಇದ್ದ ಕಾಲದಿಂದಲೂ ಬರುವವನು. ತನ್ನ ಲ್ಯಾಪ್‌ಟಾಪನ್ನು ತನ್ನ ಕರಿ ಡಬ್ಬಿಗೆ ಸಿಕ್ಕಿಸಿ ನೋಡಿದ. “ನಮ್ದು ಪಕ್ಕಾ ಐತ್ರಿ. ಒಳಗಿಂದು ನಿಮ್ದು,” ಎಂದ. ಬಿಳಿ ಡಬ್ಬಿಯ ಮೇಲಿನ ವಿಭೂತಿ ಕಂಡು ನಗು ತಡೆಯಲಾಗದೆ, “ಅಮ್ಮಾರೆ, ತೂತಿನ್ಯಾಗೂ ಹಚ್ಚೀರೇನು ಮತ್ತ?” ಎಂದ. ಅತ್ತೆ ಸಿಡಿಮಿಡಿಗೊಂಡು, “ವಿಭೂತಿ ಹಚ್ಚಿದ್ರ ಕೆಟ್ಟತೇನಲೇ? ನಿಮ್ಮಪ್ಪನ ಸೈಕಲ್ಲಿಗೆ ನಾ ಹಚ್ಚೀನಿ,” ಎಂದರು. ಅವನು ಡಬ್ಬಿಯ ಬೆನ್ನನ್ನು ಒಮ್ಮೆ ಊದಿ, ಕಟ್ಟಿದ ವೈರುಗಳನ್ನು ನೋಡಿ ನೀಟಾಗಿವೆ ಎಂದು ಹೊಗಳಿ, ಡಬ್ಬಿ ಮಾಡಿದ ಕಂಪನಿಯವರನ್ನೇ ಕೇಳಿ ಎಂದು ಹೇಳಿ ಹೋದ. ಆ ಹೊಗಳಿಕೆಗೂ ನಾನು ಹಿಗ್ಗಿದೆ.

ನೆಗೆಣ್ಣಿಗೆ ಅವಳ ಮೇಲಿನವರು ಶನಿವಾರ ಮಧ್ಯಾಹ್ನ ಹನ್ನೆರಡರ ತನಕ ಗಡುವು ಕೊಟ್ಟರು. ಅಷ್ಟರಲ್ಲಿ ಲೈನು ಸರಿಯಾದರೆ ಪರೀಕ್ಷೆ ಮುಂದುವರಿಯುತ್ತದೆ, ಇಲ್ಲದಿದ್ದರೆ ಆ ಜಾಗಕ್ಕೆ ಇನ್ನೊಬ್ಬರು. ಅವಳು ಇದನ್ನು ನನಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು. ಅಳಲಿಲ್ಲ. “ಅಕ್ಕಾ, ನಾಳೆ ಮುಂಜಾನೆ ಒಂದು ತಾಸು ನನ್ ಕೂಡ ಇರ್ರಿ. ಇವರು ಗಣಿಗೆ ಹೋಗಿರ್ತಾರ. ನಾನು ಮ್ಯಾಲ ಕಂಪ್ಯೂಟರ್ ನೋಡ್ತೀನಿ, ನೀವು ಕೆಳಗ ಡಬ್ಬಿ ನೋಡಬೇಕು,” ಎಂದಳು. ಇರ್ತೀನಿ ಬಿಡವಾ ಎಂದೆ.

ಶನಿವಾರ ಹತ್ತಕ್ಕೆ ಅವಳು ರೂಟರ್ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದಳು. ಅಲ್ಲಿನವನು ಕನ್ನಡದಲ್ಲೇ ಮಾತಾಡಿದ, ಮೇಡಂ ಮೇಡಂ ಎನ್ನುತ್ತ. ಅವಳು ಮೇಲಿನ ಮೆಟ್ಟಿಲ ಹತ್ತಿರ ನಿಂತು ಫೋನಿನಲ್ಲಿ ಕೇಳುವುದು, ಕೆಳಗಿರುವ ನನಗೆ ಕೂಗಿ ಹೇಳುವುದು, ನಾನು ಬ್ಯಾಟರಿ ಹಿಡಿದು ಕಪಾಟಿನಲ್ಲಿ ನೋಡಿ ಉತ್ತರ ಕೂಗುವುದು. ಪಡಸಾಲೆಯಲ್ಲಿ ಅತ್ತೆ, ಪಕ್ಕದಲ್ಲಿ ಹಬ್ಬಕ್ಕೆಂದು ಎಮ್ಮಿಗನೂರಿನಿಂದ ಬಂದಿದ್ದ ಅವರ ತಂಗಿ. ಗುರುವಾರದ ಕಥೆಯನ್ನು ಅತ್ತೆ ಆಗಲೇ ತಂಗಿಗೆ ಹೇಳಿಯಾಗಿತ್ತು, ಮೇಜು ಎಳೆದ ಸೊಸೆಯ ಸಮೇತ.

“ದೀಪ ಯಾವ ಬಣ್ಣ ಅದಾವ್ರಿ?”

“ಹಸರು. ಎಲ್ಲಾ ಪಟಪಟ ಹೊಡ್ಕೊಳಾಕತ್ಯಾವು.”

“ವೈರು ಗಟ್ಟಿ ಕುಂತಾವೇನು ಒತ್ತಿ ನೋಡ್ರಿ.”

“ಕುಂತಾವು.”

ಫೋನನ್ನು ಕಿವಿಗೊತ್ತಿ ಅವನ ಮಾತು ಕೇಳಿಸಿಕೊಂಡಳು. ಆಮೇಲೆ ಕೂಗಿದಳು: “ಅಕ್ಕಾ, ಒಂದೇ ವೈರಿನ ಎರಡೂ ತುದಿ ಆ ಡಬ್ಬಿಗೇ ಹೋಗ್ಯಾವೇನು ನೋಡ್ರಿ ಅಂತಾರ. ಹಂಗಾಗಿದ್ರ ಒಳಗ ಸುತ್ತು ಬೀಳ್ತೈತಂತ. ಅದಕ್ಕ ಡಬ್ಬಿ ತಾನ ವೈರಿಂದೆಲ್ಲಾ ಬಂದ್ ಮಾಡ್ತೈತಂತ. ಒಂದು ತುದಿ ಕಿತ್ತಿದ್ರ ಸಾಕಂತ.”

ಬ್ಯಾಟರಿಯ ಬೆಳಕನ್ನು ಮೂರನೆಯ ತೂತಿನ ಮೇಲೆ ಬಿಟ್ಟೆ. ಅಲ್ಲಿಂದ ಹೊರಟ ವೈರನ್ನು ದಾರದ ಕಟ್ಟಿನೊಳಗೆ ಬೆರಳಿನಿಂದ ಹಿಡಿದುಕೊಂಡು ಹೋದೆ. ಒಂದು ಗೇಣು ಹೋಗಿ, ತಿರುಗಿ, ನಾಲ್ಕನೆಯ ತೂತಿಗೆ ಬಂದು ನಿಂತಿತು. ಗುರುವಾರ ಟಿಕ್ ಎಂದದ್ದು ಕಿವಿಯಲ್ಲಿ ಮತ್ತೆ ಕೇಳಿಸಿತು.

ಕಿತ್ತುಬಿಟ್ಟಿದ್ದರೆ ಮುಗಿದಿತ್ತು. ಹೌದವಾ, ನಂದೇ ತಪ್ಪು ಎಂದು ಕೂಗಿದ್ದರೆ ಎಲ್ಲರೂ ಒಂದು ನಗೆ ನಕ್ಕು ಸುಮ್ಮನಾಗುತ್ತಿದ್ದರು. ಅವಳು ಹತ್ತೂವರೆಗೆ ಹೆಡ್‌ಫೋನು ಹಾಕಿಕೊಂಡು ಕೂರುತ್ತಿದ್ದಳು. ಆದರೆ ಬೆನ್ನ ಹಿಂದೆ ಅತ್ತೆ ಇದ್ದರು, ಅವರ ತಂಗಿ ಇದ್ದರು, ಎರಡು ದಿನ ನಾನು ಆಡಿದ ಮಾತುಗಳಿದ್ದವು.

“ಇಲ್ಲವಾ, ಹಂಗೇನೂ ಇಲ್ಲ,” ಎಂದೆ.

ಹೇಳುವಾಗ ನನ್ನ ಲೆಕ್ಕಾಚಾರ ಇಷ್ಟೇ: ಫೋನ್ ಮಾತು ಮುಗಿಯಲಿ, ಯಾರೂ ನೋಡದಾಗ ತುದಿ ಕಿತ್ತರಾಯಿತು, ತಾನಾಗಿ ಸರಿಹೋಯಿತು ಎಂದುಕೊಳ್ಳುತ್ತಾರೆ. ಐದು ನಿಮಿಷದ ಮಾತು. ಆದರೆ ಆ ಕಡೆಯವನು ಸುಮ್ಮನೆ ಫೋನ್ ಇಡಲಿಲ್ಲ. ಹಾಗಾದರೆ ಡಬ್ಬಿಯ ಒಳಗೇ ಏನೋ ಆಗಿದೆ, ಪೂರ್ತಿ ರೀಸೆಟ್ ಮಾಡಿಬಿಡಿ ಎಂದನಂತೆ. ಡಬ್ಬಿಯ ತಳದಲ್ಲಿ ಒಂದು ಸಣ್ಣ ರಂಧ್ರವಿದೆ, ಸೂಜಿಯಂಥದ್ದರಿಂದ ಹತ್ತು ಎಣಿಸುವ ತನಕ ಒತ್ತಿ ಹಿಡಿಯಬೇಕು. ನೆಗೆಣ್ಣಿ ಮೇಲಿನಿಂದ ಕೂಗಿದಳು. ನಾನು ತುರುಬಿನಿಂದ ಪಿನ್ನು ತೆಗೆದು ಆ ರಂಧ್ರಕ್ಕೆ ಚುಚ್ಚಿದೆ. ಅವಳು ಮೇಲೆ ನಿಂತು ಒಂದು, ಎರಡು, ಮೂರು ಎಂದು ಎಣಿಸಿದಳು. ಹತ್ತರ ತನಕ ಎಣಿಸಿದಳು. ಒಂದೊಂದು ಎಣಿಕೆಗೂ ಕೈ ಬಿಡಬಹುದಾಗಿತ್ತು. ಬಿಡಲಿಲ್ಲ. ದೀಪಗಳೆಲ್ಲ ಆರಿದವು.

ಆಮೇಲೆ ಕಿತ್ತೆ. ಅತ್ತೆ ತಂಗಿಯನ್ನು ಕರೆದುಕೊಂಡು ಹಿತ್ತಲಿಗೆ ಹೋದಾಗ ತುದಿ ಕಿತ್ತು, ವೈರನ್ನು ಮಡಚಿ ಕಟ್ಟಿನ ಕೆಳಗೆ ತುರುಕಿದೆ. ಏನು ಪ್ರಯೋಜನ? ರೀಸೆಟ್ ಮಾಡಿದ ಡಬ್ಬಿ ಅಂಗಡಿಯಿಂದ ತಂದ ಹೊಸ ಡಬ್ಬಿಯ ಹಾಗಾಗಿತ್ತು, ಮೈದುನ ಕೂರಿಸಿದ ಸೆಟ್ಟಿಂಗ್ ಎಲ್ಲ ಅಳಿಸಿಹೋಗಿತ್ತು. ಈಗ ವೈಫೈಯೂ ಇಲ್ಲ. ಅದಕ್ಕೆ ಬೇಕಾದ ಪಾಸ್‌ವರ್ಡು ಅವನ ಹತ್ತಿರ, ಅವನು ಗಣಿಯ ಗುಂಡಿಯಲ್ಲಿ, ಫೋನಿಗೆ ಸಿಗ್ನಲ್ ಇಲ್ಲ. ನೆಗೆಣ್ಣಿ ಇಪ್ಪತ್ತು ಸಲ ಫೋನ್ ಮಾಡಿದಳು. ಸಂಡೂರಿನ ಅಪ್ಪನಿಗೆ ಹೇಳಿ, ಅವರು ಗಣಿ ಆಫೀಸಿಗೆ ಯಾರನ್ನೋ ಅಟ್ಟಿ, ಮೈದುನ ಸಿಕ್ಕಿದ್ದು ಒಂದೂವರೆಗೆ. ಅಷ್ಟರಲ್ಲಿ ಅವಳ ಫೋನಿಗೆ ಎರಡು ಸಾಲಿನ ಸಂದೇಶ ಬಂದಿತ್ತು. ನಿಮ್ಮ ಮನೆಯ ಸಂಪರ್ಕ ನಮ್ಮ ಕೆಲಸಕ್ಕೆ ಯೋಗ್ಯವಿಲ್ಲ, ಧನ್ಯವಾದ ಎಂದು.

ಸಂಜೆ ಮೈದುನ ಬಂದು ಎಲ್ಲವನ್ನೂ ಹೊಸದಾಗಿ ಕೂರಿಸಿದ. ವೈರಿನ ಇಂಟರ್ನೆಟ್ ನೀರು ಹರಿದ ಹಾಗೆ ಬಂತು. ರೀಸೆಟ್ ಮಾಡಿದ್ದರಿಂದಲೇ ಸರಿಹೋಯಿತು ಎಂದು ಅವನು ತೀರ್ಮಾನಿಸಿದ. ಮೇಜು ಎಳೆದಾಗ ಏನೋ ಜರ್ಕ್ ಆಗಿ ಡಬ್ಬಿ ಕೆಟ್ಟಿತ್ತು ಎಂದು ನನ್ನ ಗಂಡ ಕೂಡಿಸಿದರು. ಅಲ್ಲಿಗೆ ಅದು ಮನೆಯ ಇತಿಹಾಸವಾಯಿತು. ನೆಗೆಣ್ಣಿ ಚಹಾ ಮಾಡಿ ಮೊದಲ ಲೋಟ ನನ್ನ ಕೈಗೆ ಕೊಟ್ಟಳು. “ನೀವು ಕೆಳಗ ಇದ್ರಿ ಅಂತ ಅಷ್ಟರ ಧೈರ್ಯ ಇತ್ತಕ್ಕ,” ಎಂದಳು. ಗಂಟಲಲ್ಲಿ ಇಳಿಯದು ಎಂದುಕೊಂಡೆ. ಇಳಿಯಿತು. ನಾಚಿಕೆಯೆನಿಸಿದ್ದು ಅದಕ್ಕೆ.

ಹಬ್ಬ ಮುಗಿಯಿತು, ದೀಪಾವಳಿಯೂ ಮುಗಿಯಿತು. ಅವಳು ಮತ್ತೆ ನನ್ನ ಪಕ್ಕದಲ್ಲಿ ಕೂತು ರೊಟ್ಟಿ ಬಡಿಯತೊಡಗಿದಳು. ಹೆಡ್‌ಫೋನು ಅಲಮಾರಿಯ ಮೇಲೆ ಹತ್ತಿತು. ಬೇರೆ ಕೆಲಸ ನೋಡು ಎಂದು ನಾನು ಅಂದರೆ, “ನನ್ ಕೈಲಿ ಆಗಂಗಿಲ್ಲೇನೋ ಬಿಡ್ರಿ,” ಎನ್ನುತ್ತಿದ್ದಳು. ಅವಳು ಹಾಗಂದ ದಿನವೆಲ್ಲ ನಾನು ಯಾರ ಮೇಲಾದರೂ ಹರಿಹಾಯುತ್ತಿದ್ದೆ. ತಪ್ಪು ಮಾಡಿದವರಿಗೆ ನಿದ್ದೆ ಬರುವುದಿಲ್ಲ ಎನ್ನುತ್ತಾರೆ, ನನಗೆ ಬರುತ್ತಿತ್ತು. ಎದ್ದ ಕೂಡಲೇ ಮಾತ್ರ ಮೊದಲು ನೆನಪಾಗುವುದು ಅದೇ.

ಕಾರ್ತಿಕದ ಒಂದು ಸೋಮವಾರ ನಾವಿಬ್ಬರೇ ಹಂಪಿಗೆ ಹೋದೆವು. ದರ್ಶನ ಮಾಡಿ ಹಂಪಿ ಬಜಾರಿನ ಕಲ್ಲು ಮಂಟಪವೊಂದರ ನೆರಳಿಗೆ ಕೂತು, ತಂದಿದ್ದ ಮಂಡಕ್ಕಿ ಬಿಚ್ಚಿದ್ದೆವು. ತೆಲುಗು ಮಾತಿನ ಒಬ್ಬ ಅಜ್ಜಿ ನಮ್ಮ ಮುಂದೆ ಎರಡು ಸಲ ಆಚೀಚೆ ಹೋದಳು, ಮೂರನೆಯ ಸಲ ಅಳತೊಡಗಿದಳು. ತನ್ನ ಕಡೆಯವರಿಂದ ತಪ್ಪಿಸಿಕೊಂಡಿದ್ದಳು. ನೆಗೆಣ್ಣಿ ಎದ್ದು ಅವಳನ್ನು ಕೂರಿಸಿ, ಹೆಸರು, ಊರು, ಬಂದ ಬಸ್ಸು ಎಲ್ಲವನ್ನೂ ಒಂದೊಂದಾಗಿ ಕೇಳಿದಳು. ಅಜ್ಜಿಯ ಚೀಲದ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ಹಿಂದಿ ಮಾತಾಡುವ ಬಸ್ಸಿನ ಡ್ರೈವರ್ ಎತ್ತಿಕೊಂಡ. ಅವನ ಜೊತೆ ಹಿಂದಿಯಲ್ಲಿ, ಅಜ್ಜಿಯ ಜೊತೆ ತೆಲುಗಿನಲ್ಲಿ, ಹತ್ತಿರದ ಎಳನೀರಿನವನ ಜೊತೆ ಕನ್ನಡದಲ್ಲಿ. ಗಡಿಬಿಡಿಯಿಲ್ಲ, ದನಿ ಏರಿಸಲಿಲ್ಲ. “ನೀವು ಗಾಬರಿ ಆಗಬೇಡಿ, ನಾನು ಲೈನಿನಲ್ಲೇ ಇದ್ದೇನೆ,” ಎಂದು ಹಿಂದಿಯಲ್ಲಿ ಅಂದದ್ದು ನನಗೂ ತಿಳಿಯಿತು. ಕಾಲು ತಾಸಿಗೆ ಅಜ್ಜಿಯ ಮಗ ಓಡುತ್ತ ಬಂದ.

ಆ ಮೂರು ದಿನ ಮುಚ್ಚಿದ ಬಾಗಿಲ ಹಿಂದೆ ಅವಳು ಏನು ಮಾಡುತ್ತಿದ್ದಳು ಎಂಬುದು ನನಗೆ ಅಂದು ಗೊತ್ತಾಯಿತು. ಇನ್ನು ತಡೆಯಲಾಗಲಿಲ್ಲ. ಮಂಡಕ್ಕಿ ಪಕ್ಕಕ್ಕಿಟ್ಟು ಎಲ್ಲವನ್ನೂ ಹೇಳಿದೆ. ನಾಲ್ಕನೆಯ ತೂತು, ಬ್ಯಾಟರಿ ಬೆಳಕು, ಇಲ್ಲವಾ ಎಂದದ್ದು, ಪಿನ್ನು. ಹೇಳುತ್ತ ಅಳು ಬಂತು. ಅವಳು ನನ್ನ ಕಣ್ಣೀರು ಒರೆಸಲು ಬರಲಿಲ್ಲ.

“ನಾನು ಹತ್ತು ಎಣಿಸಿದ್ನಲ್ಲಕ್ಕ,” ಎಂದಳು. “ನೀವು ಕೇಳ್ಕೊಂತ ಇದ್ರಿ.”

ಬಿಚ್ಚಿದ ಮಂಡಕ್ಕಿಯನ್ನು ಮತ್ತೆ ಕಟ್ಟಿದೆ. ಬಸ್ಸಿಗೆ ನಡೆಯುವಾಗ ಅವಳೇ ಹೇಳಿದಳು. “ನನಗ ಹೇಳಿದ್ದು ಸಾಲಂಗಿಲ್ರಿ. ಮನ್ಯಾಗ ಎಲ್ಲಾರ ಮುಂದ ಹೇಳ್ರಿ. ನಾ ಮೇಜು ಎಳೀಲಿಲ್ಲ ಅಂತ.”

ಅಂದು ಸಂಜೆ ಊಟಕ್ಕೆ ಎಲ್ಲರೂ ಕೂತಾಗ ಹೇಳಿದೆ. ಮುಗಿಸಿದ ಕೂಡಲೇ ಮೈದುನ ನಗತೊಡಗಿದ. “ಅತ್ತಿಗೀ, ಇನ್ ಮ್ಯಾಲ ಆ ಕಪಾಟಿಗೆ ಬೀಗ ಹಾಕ್ತೀನ್ರಿ,” ಎಂದ. ನನ್ನ ಗಂಡನೂ ನಕ್ಕರು. ಇಷ್ಟಕ್ಕೆ ಇಷ್ಟು ದಿನ ಮುಖ ಗಂಟು ಹಾಕಿಕೊಂಡಿದ್ದೆಯಾ ಎಂದರು. ನೆಗೆಣ್ಣಿ ಬಡಿಸುತ್ತಿದ್ದಳು, ಅವಳು ಮಾತ್ರ ನಗಲಿಲ್ಲ.

“ನಗಬ್ಯಾಡ್ರಿ,” ಎಂದೆ. “ಆಕಿ ಕೆಲಸ ಹೋಗೈತಿ.”

“ಅಯ್ಯ, ಬಿಡವಾ,” ಎಂದರು ಅತ್ತೆ, “ಹತ್ತು ದಿನದ ಆಟ, ಇದ್ದರೇನು, ಹೋದರೇನು. ಮನಿ ನೋಡೋರು ಬ್ಯಾಡೇನು?”

ಅದು ಅತ್ತೆಯ ಮಾತಾಗಿರಲಿಲ್ಲ, ನನ್ನದು. ಆ ಶನಿವಾರ ಸಂಜೆ, ನೆಗೆಣ್ಣಿ ಮೇಲೆ ಹೋಗಿ ಬಾಗಿಲು ಹಾಕಿಕೊಂಡಾಗ, ಪಾಪ, ಭಾಳ ಹಚ್ಚಿಕೊಂಡಾಳ ಎಂದು ಮರುಗಿದ್ದವರು ಅತ್ತೆ. ಅವರ ಬಾಯಿ ಮುಚ್ಚಿಸಲು, ಅದಕ್ಕಿಂತ ಹೆಚ್ಚಾಗಿ ನನ್ನ ಎದೆಯನ್ನು ಸುಮ್ಮನಾಗಿಸಲು, ಹತ್ತು ದಿನದ ಆಟ, ಇದ್ದರೇನು, ಹೋದರೇನು, ಮನಿ ನೋಡೋರು ಬ್ಯಾಡೇನು ಎಂದವಳು ನಾನು. ಒಂದಕ್ಷರ ಆಚೀಚೆ ಇಲ್ಲ. ಅತ್ತೆ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು.

ಅದನ್ನೂ ಹೇಳಿದೆ. ಈ ಮಾತು ಅತ್ತೆಯದಲ್ಲ, ನಾನು ಕಲಿಸಿದ್ದು ಎಂದು, ನೆಗೆಣ್ಣಿಯ ಮುಖ ನೋಡುತ್ತಲೇ ಹೇಳಿದೆ. ಈಗ ಯಾರೂ ನಗಲಿಲ್ಲ. ಅವಳು ಸಾರಿನ ಪಾತ್ರೆಯನ್ನು ಕೆಳಗಿಟ್ಟು, ಕೈ ಒರೆಸಿಕೊಂಡು ಮೇಲೆ ಹೋದಳು. ಅಂದು ಅವಳು ಉಣ್ಣಲಿಲ್ಲ.

ಮರುದಿನ ಎಂದಿನ ಹಾಗೆ ಇಳಿದು ಬಂದಳು. ಅಕ್ಕಾ ಎಂದೇ ಕರೆದಳು. ಈಗಲೂ ಹಾಗೇ ಕರೆಯುತ್ತಾಳೆ. ನನಗೆ ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟಿದ್ದಾಳೆ.

ಸಂಕ್ರಾಂತಿ ಕಳೆದ ಮೇಲೆ ಅವ್ವನನ್ನು ನೋಡಲು ಕಂಪ್ಲಿಗೆ ಹೋಗಿ ನಾಲ್ಕು ದಿನ ಇದ್ದು ಬಂದೆ. ಆಟೋ ಇಳಿದು ತಲೆ ಎತ್ತಿದರೆ, ಓಣಿಯ ಕಂಬದಿಂದ ಹೊಸದೊಂದು ಕರಿ ವೈರು ನೇರವಾಗಿ ಮೇಲಿನ ಕೋಣೆಯ ಕಿಟಕಿಗೆ ಹೋಗಿತ್ತು. ನಮ್ಮ ಕೆಳಗಿನ ಮನೆಯನ್ನು ಅದು ಎಲ್ಲಿಯೂ ಮುಟ್ಟಿರಲಿಲ್ಲ. ಒಳಗೆ ಬಂದು ಕೇಳಿದೆ. ಅತ್ತೆ ಕಾಳು ಆರಿಸುತ್ತ, “ಆಕಿಗೆ ಬ್ಯಾರೆ ಕೆಲಸ ಸಿಕ್ಕೈತಿ, ಸೋಮವಾರದಿಂದ ಕುಂತಾಳ. ನಿನಗ ಹೇಳಿಲ್ಲೇನು?” ಎಂದರು.

ಹೇಳ್ಯಾಳ, ಮರ್ತಿದ್ದೆ ಎಂದು ಬಾಯಿಗೆ ಬಂತು. ನುಂಗಿಕೊಂಡೆ. “ಇಲ್ರಿ, ಹೇಳಿಲ್ಲ,” ಎಂದೆ.

ಚಹಾ ಮಾಡಿ ಲೋಟ ಹಿಡಿದು ಮೆಟ್ಟಿಲು ಹತ್ತಿದೆ. ಬಾಗಿಲು ಮುಚ್ಚಿತ್ತು. ಒಳಗಿನಿಂದ ಅವಳ ದನಿ ಬರುತ್ತಿತ್ತು, ಯಾರಿಗೋ ತೆಲುಗಿನಲ್ಲಿ ನಿಧಾನವಾಗಿ ಏನೋ ಬಿಡಿಸಿ ಹೇಳುತ್ತಿದ್ದಳು. ಬಾಗಿಲು ಮೆಲ್ಲಗೆ ನೂಕಿದೆ. ಒಳಗಿನಿಂದ ಚಿಲಕ ಹಾಕಿತ್ತು. ಆರು ವರ್ಷದಲ್ಲಿ ಅವಳು ಹಗಲು ಹೊತ್ತು ಆ ಚಿಲಕ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಲೋಟ ಆರುವ ತನಕ ಅಲ್ಲೇ ನಿಂತಿದ್ದು, ತಟ್ಟದೆ ಕೆಳಗಿಳಿದೆ.